ಅಂಗಳದ ಅಡಿಕೆಗೆ ಮಳೆ ಬಂದರೆ ಕೂಗುವ ಕಂಪ್ಯೂಟರ್

ಡಿಸೆಂಬರ್ ಬಂತೆಂದರೆ ಕಾಸರಗೋಡು ಜಿಲ್ಲೆಯ ಅಡೂರಿನ ಕಡೆ ತೋಟವಿರುವ ಮನೆಗಳ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನಗಳ ಒಳ್ಳೆಯ ಬಿಸಿಲು ಬೇಕು. ನಡುವೆ ಒಂದು ರಾತ್ರಿ ಅಕಾಲದ ಮಳೆ ಸುರಿದು, ಮನೆಯವರಿಗೆ ಎಚ್ಚರವಾಗದೆ ಹೋದರೆ ಅಡಿಕೆಗೆ ಬೂಸು ಹಿಡಿಯುತ್ತದೆ. ಟರ್ಪಾಲು ಬದಿಯಲ್ಲೇ ಇರುತ್ತದೆ, ಎಳೆಯುವ ಕೈಗಳೂ ಇರುತ್ತವೆ. ಮೊದಲ ಹನಿಗೇ ಎಬ್ಬಿಸುವವರು ಬೇಕು, ಅಷ್ಟೆ. ಆ ಕೆಲಸವನ್ನು ಅಂಗೈಯಗಲದ ಕಂಪ್ಯೂಟರಿಗೆ ಒಪ್ಪಿಸಬಹುದು.

ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯಲೆಂದು 2012ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಇದಕ್ಕೆ ಸಾಕು. ಹಳೆಯ ಪೈ 3 ಅಥವಾ ಪೈ 4 ಹುಡುಕಿ. ಅವುಗಳಲ್ಲಿ ಸ್ಪೀಕರಿನ 3.5 ಮಿ.ಮೀ. ತೂತು ಇದೆ; ಪೈ 5ರಲ್ಲೂ ಪೈ ಝೀರೊದಲ್ಲೂ ಇಲ್ಲ. ಜತೆಗೆ ಬೇಕಾದದ್ದು 16 ಜಿಬಿ ಮೆಮೊರಿ ಕಾರ್ಡ್, ಪೈಗೆ ಹೊಂದುವ ಚಾರ್ಜರ್, ಒಂದು ಸ್ಪೀಕರ್, ನಾಲ್ಕಾರು ಜಂಪರ್ ವಯರ್ ಮತ್ತು ಮಳೆ ಸೆನ್ಸರ್. ಸೆನ್ಸರಿನಲ್ಲಿ ಎರಡು ಭಾಗ: ಹನಿ ಬೀಳುವ ಗೆರೆಗೆರೆಯ ತಟ್ಟೆ, ಮತ್ತು ಪುಟ್ಟ ತಿರುಪು ಇರುವ ಬೋರ್ಡು. ತಟ್ಟೆ ಮಾತ್ರ ಹೊರಗೆ; ಉಳಿದದ್ದೆಲ್ಲ ಜಗಲಿಯ ಒಳಗೆ, ನಡುವೆ ಎರಡೆಳೆಯ ವಯರ್.

ಮೊದಲು ಇನ್ನೊಂದು ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಹಾಕಿಕೊಂಡು ಕಾರ್ಡಿಗೆ ಆಪರೇಟಿಂಗ್ ಸಿಸ್ಟಮ್ ಬರೆಯಿರಿ. ವೈಫೈ ಹೆಸರು, ಪಾಸ್‌ವರ್ಡ್ ಅಲ್ಲೇ ಕೊಟ್ಟುಬಿಡಿ.

ಇನ್ನು ಜೋಡಣೆ. ಪೈ ಮೇಲೆ 40 ಪಿನ್‌ಗಳಿವೆ. ಒಂದೇ ಸಾಲಿನಲ್ಲಿ ಒತ್ತೊತ್ತಾಗಿರುವ 9, 11, 13 ನಮಗೆ ಸಾಕು. ಸೆನ್ಸರ್ ಬೋರ್ಡಿನ ಗ್ರೌಂಡ್ 9ಕ್ಕೆ, ಡಿಜಿಟಲ್ ಔಟ್‌ಪುಟ್ 11ಕ್ಕೆ, ವಿಸಿಸಿ 13ಕ್ಕೆ. 5 ವೋಲ್ಟಿನ ಪಿನ್ನಿಗೆ ವಿಸಿಸಿ ಕೊಡಲೇಬೇಡಿ. ಪೈ ಪಿನ್‌ಗಳು ತಾಳಿಕೊಳ್ಳುವುದು 3.3 ವೋಲ್ಟ್ ಮಾತ್ರ. ಹೆಚ್ಚಾದರೆ ಬೋರ್ಡೇ ಸುಟ್ಟೀತು. ವಿಸಿಸಿಯನ್ನು 13ಕ್ಕೆ ಕೊಡಲು ಕಾರಣವಿದೆ. ತಟ್ಟೆಯಲ್ಲಿ ಸದಾ ಕರೆಂಟ್ ಹರಿಯುತ್ತಿದ್ದರೆ ಒದ್ದೆಯಾದಾಗ ಅದರ ಗೆರೆಗಳು ಬೇಗ ಸವೆದುಹೋಗುತ್ತವೆ. 13ನೇ ಪಿನ್ನನ್ನು ಪ್ರೋಗ್ರಾಂ ಮೂಲಕ ಬೇಕಾದಾಗಷ್ಟೇ ಹೊತ್ತಿಸಬಹುದು.

ಪೈಥಾನಿನಲ್ಲಿ ಬರೆಯಬೇಕಾದ ಪ್ರೋಗ್ರಾಂ ಹತ್ತಿಪ್ಪತ್ತು ಸಾಲಿನದು. 13ನ್ನು ಆನ್ ಮಾಡು, ಒಂದು ಸೆಕೆಂಡ್ ಕಾದು 11ನ್ನು ಓದು, 13ನ್ನು ಆಫ್ ಮಾಡು, ಹತ್ತು ಸೆಕೆಂಡಿನ ನಂತರ ಮತ್ತೆ ನೋಡು. ತಟ್ಟೆ ಒದ್ದೆಯಾದಾಗ 11ರಲ್ಲಿ ವೋಲ್ಟೇಜ್ ಇಳಿಯುತ್ತದೆ. ಮೂರು ಸಲ ಸತತ ಒದ್ದೆಯೆಂದು ಬಂದರೆ ಕೂಗು. ಜಿಪಿಐಒ ಝೀರೊ ಎಂಬ ಲೈಬ್ರರಿಯಲ್ಲಿ ಇದು ಸುಲಭ. ಅದು ಪಿನ್ನಿನ ಸಂಖ್ಯೆ ಕೇಳುವುದಿಲ್ಲ, ಜಿಪಿಐಒ ಸಂಖ್ಯೆ ಕೇಳುತ್ತದೆ. 11ಕ್ಕೆ 17, 13ಕ್ಕೆ 27 ಎಂದು ಬರೆಯಬೇಕು. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಅವರನ್ನೇ ಕೂರಿಸಿ. ಕೇರಳದ ಶಾಲೆಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕ್ಲಬ್ಬಿನ ಘಟಕಗಳಿವೆ. 2022ರ ಕೊನೆಯಲ್ಲಿ ಆರ್ಡುಯಿನೊ ಇರುವ ರೊಬೋಟಿಕ್ ಕಿಟ್‌ಗಳ ವಿತರಣೆಯೂ ಶುರುವಾಯಿತು. ಸೆನ್ಸರ್, ಬಝರ್ ಅವರಿಗೆ ಹೊಸತಲ್ಲ.

ಕೂಗು ಯಾವುದಿರಬೇಕು? ಬೀಪ್ ಶಬ್ದಕ್ಕೆ ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ಯಾರು ಕರೆದರೆ ಮನೆಯವರೆಲ್ಲ ತಟ್ಟನೆ ಏಳುತ್ತಾರೋ ಅವರ ಸ್ವರವನ್ನೇ ಮೊಬೈಲಿನಲ್ಲಿ ಹಿಡಿದು ಪೈಗೆ ಹಾಕಿ. ಅಜ್ಜಿ ‘ಮಳೆ ಬಂತು, ಅಡಿಕೆ!’ ಎಂದದ್ದಾಗಲಿ, ತುಳುವಿನ ‘ಬರ್ಸ ಬತ್ತ್ಂಡ್’ ಆಗಲಿ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ನಿಜವಾದ ತಲೆನೋವು ಇಬ್ಬನಿ. ಚಳಿಗಾಲದ ಬೆಳಗಿನ ಜಾವ ತಟ್ಟೆ ಮಳೆಯಿಲ್ಲದೆಯೂ ಒದ್ದೆಯಾಗುತ್ತದೆ, ನಾಲ್ಕು ದಿನ ಸುಳ್ಳು ಕೂಗಿದರೆ ಐದನೆಯ ದಿನ ಯಾರೂ ಏಳುವುದಿಲ್ಲ. ತಟ್ಟೆಯನ್ನು ಚೆನ್ನಾಗಿ ಓರೆಯಾಗಿ ನಿಲ್ಲಿಸಿ, ನೀರು ಜಾರಲಿ. ಇಬ್ಬನಿ ಬಿದ್ದ ಬೆಳಿಗ್ಗೆಯೇ ಎದ್ದು ಬೋರ್ಡಿನ ತಿರುಪನ್ನು ನಿಧಾನವಾಗಿ ತಿರುಗಿಸಿ, ಒದ್ದೆ ತೋರಿಸುವ ಪುಟ್ಟ ದೀಪ ಆರುವವರೆಗೆ. ಈ ಹೊತ್ತಿಗೆ 13ನೇ ಪಿನ್ ಬಿಡದೆ ಆನ್ ಇರಲಿ. ಬಳಿಕ ಬೆರಳಿನಿಂದ ನಾಲ್ಕು ಹನಿ ಬೀಳಿಸಿ, ದೀಪ ಹೊತ್ತಬೇಕು. ಎರಡೂ ಸರಿಹೊಂದಲು ಎರಡು ಮೂರು ಬೆಳಗು ಬೇಕಾಗಬಹುದು, ಬೇಸರಿಸಬೇಡಿ.

ಮಳೆಯ ಜತೆಗೇ ಕರೆಂಟೂ ಹೋಗುತ್ತದೆ. ಪೈಯನ್ನೂ ಸ್ಪೀಕರನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಏಕಾಏಕಿ ಕರೆಂಟ್ ಹೋದರೆ ಕಾರ್ಡ್ ಕೆಡುವುದುಂಟು. ಎಲ್ಲ ಸರಿಯಾದ ಮೇಲೆ ಸೆಟ್ಟಿಂಗ್ಸಿನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದರೆ ಆ ಭಯ ಕಡಿಮೆ. ಅದಕ್ಕೂ ಮೊದಲು, ಪೈ ಹೊತ್ತಿಕೊಂಡ ಕೂಡಲೇ ಪ್ರೋಗ್ರಾಂ ತಾನೇ ಶುರುವಾಗುವಂತೆ ಕ್ರೋನ್‌ಟ್ಯಾಬಿನಲ್ಲಿ ಒಂದು ಸಾಲು ಸೇರಿಸಿರಿ.

ಗುಡುಗು ಕೇಳಲು ಶುರುವಾಗುವ ಮೊದಲೇ ಹೊರಗಿನ ವಯರನ್ನು ಬೋರ್ಡಿನಿಂದ ಕಳಚಿಡಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಇದನ್ನು ಮರೆಯಬಾರದು. ಆಗ ಆಕಾಶ ನೋಡಿಕೊಳ್ಳುವ ಕೆಲಸ ನಮ್ಮದೇ.