ಹಳೇ ಯಾಟ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ನೆಲೆಸಿ, ಹಳೆಯ ಮೋಟಾರ್ ಯಾಟ್ ಮೇಲೆ ಕಣ್ಣಿಟ್ಟಿದ್ದೀರಾ? ಹಾಗಾದರೆ ಕೈಯಲ್ಲಿರುವ ಹಣವನ್ನೆಲ್ಲ ಖರೀದಿಗೇ ಸುರಿಯಬೇಡಿ. ಮೂರರಲ್ಲೊಂದು ಪಾಲು ರಿಪೇರಿಗೆಂದು ಎತ್ತಿಡಿ. ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ತಳದ ಬಣ್ಣದ ಖರ್ಚಂತೂ ಇದ್ದದ್ದೇ.

1970ರ ದಶಕದ ಗ್ರ್ಯಾಂಡ್ ಬ್ಯಾಂಕ್ಸ್ 36 ಮಾದರಿಯ ಯಾಟ್ ಈಗಲೂ ಮಾರಾಟಕ್ಕೆ ಬರುತ್ತದೆ. ಅದರ ತೇಗದ ಡೆಕ್ ಕಂಡರೆ ಯಾರಿಗಾದರೂ ಮನಸ್ಸು ಸೋಲುತ್ತದೆ. ಆದರೆ ಹಲಗೆ ಹಿಡಿದಿರುವ ಸ್ಕ್ರೂಗಳ ತೂತಿನಿಂದ ನೀರಿಳಿದು, ಕೆಳಗಿನ ಪದರ ಒಳಗೊಳಗೇ ಕೊಳೆತಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ದಬ್ ಎನ್ನುತ್ತದೆ. ಒಳಗೆ, ಕಿಟಕಿಗಳ ಕೆಳಮೂಲೆಯಲ್ಲಿ ಕಂದು ಕಲೆ ಕಂಡರೂ ಅನುಮಾನಪಡಿ.

ಎಂಜಿನ್ ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಜೆಟ್ ಚಿಕ್ಕದಿದ್ದರೆ ಒಂದೇ ಎಂಜಿನ್ನಿನದು ಸಾಕು, ಎರಡರ ಆಸೆ ಬೇಡ.

ಯಾಟ್ ಪರೀಕ್ಷಿಸುವ ಸರ್ವೇಯರ್‌ನನ್ನು ನೀವೇ ಗೊತ್ತುಮಾಡಿಕೊಳ್ಳಿ, ಬ್ರೋಕರ್ ಹೇಳಿದವರನ್ನಲ್ಲ. ಯಾಟನ್ನು ನೀರಿನಿಂದ ಮೇಲೆತ್ತಿಸಿ ತಳ ನೋಡುವವರೆಗೆ ಮುಂಗಡ ಬಿಟ್ಟು ಒಂದು ಡಾಲರೂ ಕೊಡಬೇಡಿ. ಆ ಮುಂಗಡವೂ ಸರ್ವೇ ಒಪ್ಪಿಗೆಯಾಗದಿದ್ದರೆ ವಾಪಸ್ ಬರುವಂತೆ ಬರವಣಿಗೆಯಲ್ಲಿರಲಿ.