ಗಾಳಿಗೆ ಹೋಗುವ ಯೂರಿಯಾ

ವಸ್ತುಗಳಿಗೆ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳುಂಟು. ಮಂಜುಗಡ್ಡೆ, ನೀರು, ಹಬೆ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಆದರೆ ರೈತರ ಹಣದ ಲಾಭನಷ್ಟ ಅಡಗಿರುವ ಉದಾಹರಣೆಯೆಂದರೆ ಯೂರಿಯಾ. ಇದರಲ್ಲಿ ಶೇಕಡಾ 46ರಷ್ಟು ಸಾರಜನಕವಿದೆ. ಅಂದರೆ 45 ಕಿಲೋ ಚೀಲದಲ್ಲಿ ಸುಮಾರು 20.7 ಕಿಲೋ. ಇದು ಬೆಳೆಗೆ ಸೇರುವುದೋ ಗಾಳಿಗೆ ಸೇರುವುದೋ ಎಂಬುದು ಬಹುಮಟ್ಟಿಗೆ ನಾವು ಹಾಕುವ ರೀತಿಯನ್ನು ಅವಲಂಬಿಸಿದೆ.

ಘನ: ಯೂರಿಯಾ ಹರಳು ಗಾಳಿಯಲ್ಲಿನ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಾತ್ರಕ್ಕೆ ಸಾರ ಹೋಗುವುದಿಲ್ಲ; ಪುಡಿಮಾಡಿ ಬಳಸಬಹುದು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ದ್ರಾವಣ: ಒಂದು ಲೋಟ ನೀರಿಗೆ ಒಂದು ಹಿಡಿ ಯೂರಿಯಾ ಹಾಕಿ ಕಲಕಿದರೆ ಲೋಟ ತಣ್ಣಗಾಗುತ್ತದೆ. ಹರಳು ಕರಗಲು ಬೇಕಾದ ಶಾಖವನ್ನು ನೀರಿನಿಂದಲೇ ಪಡೆಯುವುದು ಇದಕ್ಕೆ ಕಾರಣ. ಇಷ್ಟು ಸುಲಭವಾಗಿ ಕರಗುವುದರಿಂದಲೇ ಜೋರು ಮಳೆಯಲ್ಲಿ ಇದು ಕೊಚ್ಚಿಹೋಗುತ್ತದೆ.

ಅನಿಲ: ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಯೂರಿಯಾವನ್ನು ಕೆಲವೇ ದಿನಗಳಲ್ಲಿ ಅಮೋನಿಯಂ ರೂಪಕ್ಕೆ ತರುತ್ತದೆ. ಮಣ್ಣಿನೊಳಗಿದ್ದರೆ ಜೇಡಿಕಣಗಳು ಅದನ್ನು ಹಿಡಿದಿಡುತ್ತವೆ. ಮೇಲೆಯೇ ಉಳಿದರೆ ಒಂದು ಭಾಗ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಇದು ನೀರು ಆವಿಯಾದಂತಲ್ಲ. ಇಲ್ಲಿ ವಸ್ತುವೇ ಬದಲಾಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯಲ್ಲಿ ಹಸಿ ಮಣ್ಣು ಹಾಕಿ, ಮೇಲೆ ಒಂದು ಚಮಚ ಯೂರಿಯಾ ಉದುರಿಸಿ. ಅರಿಶಿನದ ನೀರಿನಲ್ಲಿ ಅದ್ದಿದ ಒದ್ದೆ ಕಾಗದವನ್ನು ಮುಚ್ಚಳದ ಒಳಗೆ ಅಂಟಿಸಿ ಮುಚ್ಚಿಡಿ. ಎರಡು ಮೂರು ದಿನಗಳಲ್ಲಿ ಕಾಗದ ಕೆಂಪಾಗುತ್ತದೆ. ಆರತಿ ತಟ್ಟೆಯ ಅರಿಶಿನದ ನೀರು ಸುಣ್ಣ ಬಿದ್ದೊಡನೆ ಕೆಂಪಾಗುವುದಿಲ್ಲವೇ? ಸುಣ್ಣದಂತೆ ಅಮೋನಿಯಾ ಸಹ ಕ್ಷಾರ.

ರೈತರು ಮಾಡಬೇಕಾದುದು

1. ಮುಳ್ಳೂರು, ಯಳಂದೂರು ಕಡೆಯ ಭತ್ತದ ಗದ್ದೆಗಳಲ್ಲಿ ನಿಂತ ನೀರಿಗೆ ಯೂರಿಯಾ ಎರಚಬಾರದು. ಹಗಲಿನಲ್ಲಿ ಪಾಚಿ ನೀರಿನ ಕ್ಷಾರತೆಯನ್ನು ಹೆಚ್ಚಿಸುವುದರಿಂದ ನಷ್ಟವೂ ಹೆಚ್ಚು. ನೀರನ್ನು ಬಸಿದು, ಗೊಬ್ಬರ ಹಾಕಿ, ಕಳೆ ತೆಗೆಯುವಾಗ ಮಣ್ಣಿನಲ್ಲಿ ಬೆರೆಸಿ, ಒಂದು ದಿನದ ನಂತರ ನೀರು ಕಟ್ಟಿ.

2. ಹನೂರು ಭಾಗದ ಮಳೆಯಾಶ್ರಿತ ಜೋಳ, ರಾಗಿ ಹೊಲಗಳಲ್ಲಿ ಭೂಮಿ ಹದವಾಗಿರುವಾಗ ಸಾಲಿನ ಪಕ್ಕದಲ್ಲಿ ಹಾಕಿ, ಕೂಡಲೇ ಕುಂಟೆ ಹೊಡೆದು ಮಣ್ಣು ಮುಚ್ಚಿ.

3. ಯೂರಿಯಾದೊಡನೆ ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಬೆರೆಸಬೇಡಿ.

4. ಒಂದೇ ಸಲ ಹಾಕದೆ, ಬೆಳೆಗೆ ಬೇಕಾದ ಹಂತಗಳಲ್ಲಿ ಕಂತುಗಳಾಗಿ ಕೊಡಿ.

2015ರಿಂದ ನಮ್ಮ ದೇಶದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಅಮೋನಿಯಂ ನೈಟ್ರೇಟ್ ರೂಪಕ್ಕೆ ತಿರುಗುವುದನ್ನು ಇದು ನಿಧಾನಗೊಳಿಸುತ್ತದೆಯೇ ಹೊರತು, ಮೇಲೆ ಚೆಲ್ಲಿದ ಗೊಬ್ಬರ ಹಾರಿಹೋಗುವುದಕ್ಕೆ ಪರಿಹಾರವಲ್ಲ. ಅದಕ್ಕೆ ಮಣ್ಣಿನ ಹೊದಿಕೆಯೇ ಬೇಕು.