ಸೀಜ್ ಆಗಿದೆ ಅನ್ನಬೇಡ, ಏನಾಯ್ತು ಹೇಳು

ನಾಶಿಕ್ ಬಳಿಯ ಓಝರ್‌ಗೆ ಕೆಲಸಕ್ಕೆಂದು ಬರುವ ನಮ್ಮ ಕಡೆಯ ಹುಡುಗರು ಸಂಬಳ ಕೈಗೆ ಹತ್ತಿದೊಡನೆ ಕೇಳುವ ಪ್ರಶ್ನೆ ಒಂದೇ: “ಅಂಕಲ್, ಯಾವ ಗಾಡಿ ತಗೊಳ್ಲಿ?” ಆರೇಳು ತಿಂಗಳು ಕಳೆದ ಮೇಲೆ ಎರಡನೆಯದು: “ಅಂಕಲ್, ಗಾಡಿ ಯಾಕೋ ಸರಿಯಿಲ್ಲ, ಯಾರಿಗೆ ತೋರಿಸ್ಲಿ?” ಈ ಎರಡಕ್ಕೂ ನನಗಿಂತ ಜೋರಾಗಿ ಉತ್ತರ ಕೊಡುವವರು ನಿಫಾಡ್ ತಾಲೂಕಿನಲ್ಲಿ ಹೆಜ್ಜೆಗೊಬ್ಬರಿದ್ದಾರೆ. ಪಿಂಪಳಗಾವ್ ಬಸವಂತದ ಚಹಾ ಅಂಗಡಿಯ ಮುಂದೆ ಗಾಡಿ ಸ್ಟ್ಯಾಂಡ್ ಹಾಕಿ ಸುಮ್ಮನೆ ಎಂಜಿನ್ ಕಡೆ ಬಗ್ಗಿ ನೋಡು, ನಾಲ್ಕು ಜನ ಸೇರಿರುತ್ತಾರೆ. ಅವರು ಹೇಳುವುದನ್ನು ಹೇಗೆ ಕೇಳಿಸಿಕೊಳ್ಳಬೇಕು, ಅವರನ್ನು ಹೇಗೆ ಕೇಳಬೇಕು, ಅಷ್ಟನ್ನು ಮಾತ್ರ ಹಳೆಯ ಯೆಜ್ಡಿ ಬೈಕ್ ಕೊಳ್ಳಲು ಹೊರಟಿರುವ ನಿನಗೆ ನಾನು ಹೇಳಬಲ್ಲೆ.

ಮೊದಲು ನಮ್ಮ ಕಸುಬಿನ ಕಡೆಯಿಂದ ನೋಡು: ನಮಗೆ ಅನ್ನ ಹಾಕಿದ್ದು ವಿಮಾನ. 1964ರಲ್ಲಿ ಮಿಗ್ ವಿಮಾನ ಕಟ್ಟಲೆಂದು ಎಚ್‌ಎಎಲ್ ಇಲ್ಲಿ ಕಾರ್ಖಾನೆ ಶುರು ಮಾಡಿದಂದಿನಿಂದ ಬೆಂಗಳೂರಿನ ನಂಟು ಓಝರ್‌ಗೆ ತಪ್ಪಿಲ್ಲ. ಟೌನ್‌ಶಿಪ್‌ನಲ್ಲಿ ಕನ್ನಡದ ಮನೆಗಳು ಇದ್ದೇ ಇವೆ. ವಿಮಾನದ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿದೆ. ಹಾರಿ ಇಳಿದ ಪೈಲಟ್ ಪುಸ್ತಕದಲ್ಲಿ ‘ಸ್ನ್ಯಾಗ್’ ಬರೆಯುತ್ತಾನೆ. ಇಷ್ಟು ಎತ್ತರದಲ್ಲಿ, ಇಷ್ಟು ವೇಗದಲ್ಲಿದ್ದಾಗ ಇಂಥ ಮುಳ್ಳು ಹೀಗೆ ಅಲುಗಿತು, ಇಂಥ ಸದ್ದು ಬಂತು. ಅಷ್ಟೇ. ‘ಪಂಪ್ ಹೋಗಿದೆ, ಬದಲಾಯಿಸಿ’ ಎಂದು ಅವನು ಬರೆಯುವುದಿಲ್ಲ, ಅದು ಹ್ಯಾಂಗರ್‌ನಲ್ಲಿರುವವರು ಹುಡುಕಬೇಕಾದ್ದು. ಹುಡುಕಿದವನು ಏನು ಸಿಕ್ಕಿತು, ಏನು ಮಾಡಿದೆ ಎಂದು ಬರೆದು ಸಹಿ ಹಾಕುತ್ತಾನೆ.

ಬೈಕಿನವರ ಲೋಕದಲ್ಲಿ ಇದೆಲ್ಲ ತಲೆಕೆಳಗು. ಗ್ಯಾರೇಜಿಗೆ ಬಂದವನು ಹೆಲ್ಮೆಟ್ ತೆಗೆಯುವ ಮೊದಲೇ “ಕಾರ್ಬುರೇಟರ್ ಕ್ಲೀನ್ ಮಾಡಿಬಿಡಿ” ಅನ್ನುತ್ತಾನೆ. ಇನ್ನೊಬ್ಬ “ಎಂಜಿನ್ ಸೀಜ್ ಆಗಿದೆ”, ಅಂದರೆ ಪಿಸ್ಟನ್ ಕಚ್ಚಿ ನಿಂತಿದೆ, ಅನ್ನುತ್ತಲೇ ಒಳಗೆ ಬರುತ್ತಾನೆ, ಗಾಡಿ ಮಾತ್ರ ಅಲ್ಲಿಯವರೆಗೆ ಓಡಿಕೊಂಡೇ ಬಂದಿರುತ್ತದೆ. ಮೆಕ್ಯಾನಿಕ್ ಹುಡುಗ ಹೇಳಿದ ಕೆಲಸ ಮಾಡಿ ದುಡ್ಡು ತೆಗೆದುಕೊಳ್ಳುತ್ತಾನೆ. ಗಾಡಿ ಮಾರನೆಯ ದಿನ ಮತ್ತೆ ನಿಂತರೆ ಅವನನ್ನು ಬೈದು ಏನು ಫಲ? ಅವನು ನಿನ್ನ ತೀರ್ಪನ್ನು ಜಾರಿ ಮಾಡಿದ್ದಾನೆ.

ನಿಫಾಡ್‌ನಲ್ಲಿ ನಾನು ಆಗಾಗ ಕೂರುವ ಒಂದು ಗ್ಯಾರೇಜಿದೆ. ದ್ರಾಕ್ಷಿ ಸುಗ್ಗಿಯ ಹೊತ್ತಿನಲ್ಲಿ ತೋಟದ ಹುಡುಗನೊಬ್ಬ ಹಳೆಯ ಕಾರ್ಬುರೇಟರ್ ಗಾಡಿ ತಂದ. ಚಾಂದೋರಿಯಿಂದ ಹೊರಟರೆ ನಾಲ್ಕೈದು ಕಿಲೋಮೀಟರ್ ಸೊಗಸಾಗಿ ಓಡುತ್ತದೆ, ಆಮೇಲೆ ಎಳೆತ ತಪ್ಪಿ ನಿಂತೇಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಹೊರಡುತ್ತದೆ. ಬೆಂಚಿನ ಮೇಲಿದ್ದವರಲ್ಲಿ ಒಬ್ಬ, ಇಗ್ನಿಷನ್ ಕಾಯಿಲ್ ಬಿಸಿಯಾಗಿ ಸಾಯುತ್ತಿದೆ ಎಂದ. ಇನ್ನೊಬ್ಬ ವಾಲ್ವ್ ಟೈಟ್ ಎಂದ. ಮೂರನೆಯವನು ಈಗಿನ ಈಥನಾಲ್ ಪೆಟ್ರೋಲನ್ನೂ ಅದರಲ್ಲಿ ಸೇರುವ ನೀರನ್ನೂ ಬೈದ. ತಮಾಷೆ ಏನೆಂದರೆ ಇವುಗಳಲ್ಲಿ ಒಂದೂ ಹುಚ್ಚು ಮಾತಲ್ಲ. ಕಾಯಿಲ್ ಬಿಸಿಯಾಗಿ ಕೈಕೊಡುವುದುಂಟು, ವಾಲ್ವ್ ಕ್ಲಿಯರೆನ್ಸ್ ಕಡಿಮೆಯಾದರೆ ಬಿಸಿ ಎಂಜಿನ್ ನಿಲ್ಲುವುದುಂಟು, ಈಥನಾಲ್ ನೀರನ್ನು ಹೀರುವುದೂ ನಿಜವೇ.

ಒಳಗಿದ್ದ ಮುದುಕ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ್ದು ಒಂದೇ ಮಾತು. “ನಿಂತಾಗ ಯಾವತ್ತಾದರೂ ಟ್ಯಾಂಕಿನ ಮುಚ್ಚಳ ತೆಗೆದಿದ್ದೆಯಾ?” ಹುಡುಗ ಯೋಚಿಸಿ ಹೇಳಿದ: ಒಂದು ಸಲ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ತೆಗೆದಿದ್ದೆ, ಅವತ್ತು ಕಾಯದೆ ಕೂಡಲೇ ಸ್ಟಾರ್ಟ್ ಆಯಿತು. ಮಿಸ್ತ್ರಿ ಮುಚ್ಚಳ ಬಿಗಿ ಮಾಡಿ, ಅದೇ ಗಾಡಿಯಲ್ಲಿ ರಸ್ತೆಯ ಕಡೆ ಹೋಗಿ, ತಳ್ಳಿಕೊಂಡು ವಾಪಸು ಬಂದ. ಎಲ್ಲರ ಮುಂದೆ ಮುಚ್ಚಳ ತಿರುಗಿಸಿದ. ಸುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಬೆಂಚಿನ ತನಕ ಕೇಳಿಸಿತು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದ ತಿಳಿನೀಲಿ ಪುಡಿ ಅದರಲ್ಲಿ ಕೂತು ಗಟ್ಟಿಯಾಗಿತ್ತು. ಮೇಲಿನಿಂದ ಗಾಳಿ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದು ಹೇಗೆ? ನಿಲ್ಲಿಸಿದ ಹತ್ತು ನಿಮಿಷದಲ್ಲಿ ಅಲ್ಲಿ ಇಲ್ಲಿ ಸಂದಿಯಿಂದ ಗಾಳಿ ಸೇರಿಕೊಂಡು ಮತ್ತೆ ನಾಲ್ಕೈದು ಕಿಲೋಮೀಟರಿಗೆ ಸಾಕಾಗುತ್ತಿತ್ತು. ಒಂದು ಗುಂಡುಸೂಜಿಯಲ್ಲಿ ಕೆಲಸ ಮುಗಿಯಿತು, ಚಹಾದ ದುಡ್ಡು ಹುಡುಗ ಕೊಟ್ಟ.

ನೀನು ಗಾಡಿ ತೋರಿಸಲು ಹೋದಾಗ ಹೀಗೆ ಲಕ್ಷಣ ತೆಗೆದುಕೊಂಡು ಹೋಗು. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಏರಿನಲ್ಲೋ ಸಮತಟ್ಟಿನಲ್ಲೋ? ಟ್ಯಾಂಕ್ ತುಂಬಿದ್ದಾಗ ಆಗುತ್ತದೋ, ರಿಸರ್ವ್‌ಗೆ ಬಂದಾಗಲೋ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಈ ತಾಪತ್ರಯ ಶುರುವಾಗುವ ಹಿಂದಿನ ವಾರ ಗಾಡಿಗೆ ಯಾರು ಕೈ ಹಾಕಿದ್ದರು? ಸರ್ವೀಸಿನಿಂದ ಬಂದ ಮೇಲೆ ಶುರುವಾದ ತೊಂದರೆಯ ಬೇರು ಸಾಮಾನ್ಯವಾಗಿ ಸರ್ವೀಸಿನಲ್ಲೇ ಇರುತ್ತದೆ: ಸರಿಯಾಗಿ ಕೂರದ ಪ್ಲಗ್ ಕ್ಯಾಪ್, ಮಡಚಿಕೊಂಡ ಪೈಪ್, ಅತಿ ಬಿಗಿಯಾದ ಚೈನ್. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಯಾರೂ ನಗುವುದಿಲ್ಲ. ನಕ್ಕರೂ ಅಡ್ಡಿಯಿಲ್ಲ.

ಇನ್ನು ಕೊಳ್ಳುವ ವಿಚಾರ. ಇಲ್ಲಿ ಸಲಹೆ ಕೊಡುವವನ ಬಾಯಿಗಿಂತ ಅವನ ಗಾಡಿಯ ಹಿಂದಿನ ಸೀಟು ನೋಡು. ಎರಡೂ ಬದಿ ಹಾಲಿನ ಕ್ಯಾನ್ ಕಟ್ಟಿ ನಸುಕಿನಲ್ಲಿ ಹೊಲದ ದಾರಿಯಲ್ಲಿ ಬರುವವನು ನೂರು ಸಿಸಿ ಗಾಡಿ ಬಿಟ್ಟು ಬೇರೆ ಹೆಸರೆತ್ತುವುದಿಲ್ಲ. ಅವನ ಮಟ್ಟಿಗೆ ಅದೇ ವೇದ. ಲಾಸಲಗಾವ್ ಮಂಡಿಯಲ್ಲಿ ಈರುಳ್ಳಿಗೆ ಒಳ್ಳೆಯ ಬೆಲೆ ಬಂದ ವರ್ಷ ಬುಲೆಟ್ ತಂದವನಿಗೆ ಉಳಿದದ್ದೆಲ್ಲ ಸೈಕಲ್. ಯೇವಲಾ ದಾಟಿ ವೈಜಾಪುರದ ಕಡೆ ಹೋದಂತೆ ಬಜಾಜ್ ಪಕ್ಷ ಬಲವಾಗುತ್ತದೆ, ಯಾಕೆಂದರೆ ಛತ್ರಪತಿ ಸಂಭಾಜಿನಗರದ ಪಕ್ಕದ ವಾಳುಜ್‌ನಲ್ಲಿ 1985ರಿಂದ ಅವರ ಕಾರ್ಖಾನೆ ಇದೆ; ಒಬ್ಬರ ಮಾವ, ಇನ್ನೊಬ್ಬರ ತಮ್ಮ ಅಲ್ಲೇ ಕೆಲಸ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ರಸ್ತೆ, ಅವರವರ ಹೊರೆ, ಅವರವರ ನೆಂಟಸ್ತನ ಮಾತಾಡುತ್ತಿದೆ. ನಿನ್ನ ರಸ್ತೆ ಯಾವುದು? ಟೌನ್‌ಶಿಪ್‌ನಿಂದ ಕಾರ್ಖಾನೆ, ಭಾನುವಾರ ನಾಶಿಕ್, ಎಂದಾದರೊಮ್ಮೆ ನಾಂದೂರ್ ಮಧ್ಯಮೇಶ್ವರದ ಹಕ್ಕಿಗಳು. ಇದಕ್ಕೆ ನಾನ್ನೂರು ಸಿಸಿ ಯಾತಕ್ಕೆ ಎಂದು ಹಾಲಿನವನು ಕೇಳಿದರೆ ಉತ್ತರ ಇಟ್ಟುಕೊಂಡಿರು. ಹೊಸ ಸಮೃದ್ಧಿ ಮಹಾಮಾರ್ಗದಲ್ಲಿ ನೂರಿಪ್ಪತ್ತರಲ್ಲಿ ಹೋಗಬಹುದಲ್ಲ ಅನ್ನುವ ಕನಸಿದ್ದರೆ ಈಗಲೇ ಬಿಡು, ಅಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವೇ ಇಲ್ಲ.

ಸಲಹೆಗೆ ವಯಸ್ಸಾಗುತ್ತದೆ ಅನ್ನುವುದನ್ನೂ ನೋಡಿಕೋ. ಮಹಾರಾಷ್ಟ್ರದಲ್ಲಿ ಚಳಿಗೆ ಹೆಸರಾದ ಊರು ನಿಫಾಡ್. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಗೋಧಿ ಸಂಶೋಧನಾ ಕೇಂದ್ರದ ತಾಪಮಾನ ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ, ದ್ರಾಕ್ಷಿಯವರು ರಾತ್ರಿಯೆಲ್ಲ ತೋಟದಲ್ಲಿ ಬೆಂಕಿ ಹಾಕುತ್ತಾರೆ. ಅಂಥ ಬೆಳಗಿನಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ನನ್ನ ವಯಸ್ಸಿನವರೆಲ್ಲ “ಚೋಕ್ ಎಳೆ, ಆಕ್ಸಿಲರೇಟರ್ ತಿರುಗಿಸು” ಅನ್ನುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನ ಗಾಡಿಗಳು ಹೆಚ್ಚಾಗಿ ಫ್ಯೂಯೆಲ್ ಇಂಜೆಕ್ಷನ್‌ನವು, ಎಳೆಯಲು ಅಲ್ಲಿ ಚೋಕೇ ಇಲ್ಲ. ಕೀ ತಿರುಗಿಸಿ, ಪಂಪಿನ ಗುಂಯ್ ಸದ್ದು ನಿಲ್ಲುವ ತನಕ ಕಾದು ಬಟನ್ ಒತ್ತಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಳಿಜಾರಿನಲ್ಲಿ ತಳ್ಳಿ ಹೊರಡಿಸುವ ನಮ್ಮ ಹಳೆಯ ವಿದ್ಯೆಯೂ ಇವಕ್ಕೆ ಅಷ್ಟಾಗಿ ನಡೆಯುವುದಿಲ್ಲ. ಹಿರಿಯರ ಮಾತು ಕೇಳು, ಆದರೆ ಅವರ ಕಾಲದ ಎಂಜಿನ್ ಯಾವುದಿತ್ತು ಎಂದು ಕೇಳಿಕೊಂಡು ಕೇಳು. ನನ್ನ ಮಾತಿಗೂ ಈ ನಿಯಮ ಲಾಗೂ.

ಗ್ಯಾರೇಜಿನ ಹರಟೆಯಿಂದ ಮಾತ್ರ ಎದ್ದು ಹೋಗಬೇಡ. ಕೆಲಸದ ಮಾತು ಹತ್ತು ನಿಮಿಷ, ಉಳಿದ ಒಂದು ತಾಸು ಈರುಳ್ಳಿ, ಕ್ರಿಕೆಟ್, ಯಾರ ಮನೆಯ ಮದುವೆ ಯಾಕೆ ಮುರಿಯಿತು. 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧವಾದಾಗ ಬೆಂಚಿನ ಮೇಲೆ ಪಿಸ್ಟನ್ ಹೆಸರೇ ಏಳಲಿಲ್ಲ. ಆ ಮಾತಿನಲ್ಲೇ ಮನುಷ್ಯ ಗೊತ್ತಾಗುತ್ತಾನೆ. ಯಾರು ಕಂಡದ್ದನ್ನು ಕಂಡಷ್ಟೇ ಹೇಳುತ್ತಾನೆ, ಯಾರು ಒಂದಕ್ಕೆ ನಾಲ್ಕು ಸೇರಿಸುತ್ತಾನೆ, ಯಾರಿಗೆ ಹಳೆಯ ಗಾಡಿ ಮಾರಿಸಿಕೊಟ್ಟರೆ ಕಮಿಷನ್ ಸಿಗುತ್ತದೆ. ಮದುವೆ ಮುರಿದ ಕತೆಗೆ ಬಣ್ಣ ಕಟ್ಟುವವನು ಮೈಲೇಜಿನ ಲೆಕ್ಕಕ್ಕೂ ಕಟ್ಟುತ್ತಾನೆ.

ಈಗ ನಿನ್ನ ಯೆಜ್ಡಿ ಆಸೆಗೆ ಬರೋಣ. ನೀನು ಮೈಸೂರಿನ ಹುಡುಗ, ಆಸೆ ಸಹಜ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರ ಆಶ್ರಯದಲ್ಲಿ ಇರಾನಿ ಕುಟುಂಬದವರ ಕೈಯಲ್ಲಿ ಶುರುವಾಗಿ, ಮೊದಲು ಜಾವಾ, ಆಮೇಲೆ ಯೆಜ್ಡಿ ಕೊಟ್ಟು, 1996ರಲ್ಲಿ ಬಾಗಿಲು ಹಾಕಿತು. ಅಂದರೆ ನಿನಗೆ ಸಿಗುವ ಅತಿ ಹೊಸ ಹಳೆಯ ಯೆಜ್ಡಿಗೂ ನಿನಗಿಂತ ಹೆಚ್ಚು ವಯಸ್ಸು. ಇಂದಿಗೂ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಅದರ ಅಭಿಮಾನಿಗಳು ಹೊಗೆ ಎಬ್ಬಿಸಿಕೊಂಡು ಸೇರುತ್ತಾರೆ. ಕೊಳ್ಳುವ ಮೊದಲು ಒಂದು ಸಲ ಅಲ್ಲಿ ಹೋಗಿ ಅಡ್ಡಾಡಿ ಬಾ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ರೂ ಗೇರ್ ಲಿವರೂ ಒಂದೇ, ಅದೂ ಎಡಗಡೆ. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್, ಇಳಿಸಿದರೆ ಗೇರ್. ನಿಫಾಡ್‌ನ ಹುಡುಗರು ಇದನ್ನು ಕಂಡರೆ ಜಾತ್ರೆಯಂತೆ ಸೇರುತ್ತಾರೆ, ಸಲಹೆಯೂ ಜಾತ್ರೆಯಷ್ಟೇ ಬರುತ್ತದೆ.

ಯೆಜ್ಡಿ ಟೂ-ಸ್ಟ್ರೋಕ್ ಗಾಡಿ; ಅದರ ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು ಅನ್ನುವುದಕ್ಕೇ ಮೂರು ಪಂಥ. ಲೀಟರಿಗೆ 30 ಎಂಎಲ್ ಅನ್ನುವವನು, 40 ಅನ್ನುವವನು, ‘ಏನೂ ಯೋಚನೆ ಬೇಡ, 50 ಹಾಕು’ ಅನ್ನುವವನು. ಯಾವ ಆಯಿಲ್ ಎಂದು ಕೇಳದೆ ಅಳತೆ ಹೇಳುವವನ ಮಾತು ಬಿಡು. ಆಯಿಲ್ ಡಬ್ಬಿಯ ಮೇಲೆ ಬರೆದದ್ದು, ಕಂಪನಿಯ ಹಳೆಯ ಕೈಪಿಡಿ, ಪ್ಲಗ್‌ನ ಬಣ್ಣ ಇವು ಮೂರನ್ನೂ ಇಟ್ಟುಕೊಂಡು ತೀರ್ಮಾನ ಮಾಡು. ಪ್ಲಗ್ ಕಾಫಿ ಪುಡಿಯ ಬಣ್ಣಕ್ಕಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು, ಎಂಜಿನ್ ನಿಜಕ್ಕೂ ಸೀಜ್ ಆಗುವುದು ಆಗ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚು.

ಹೊಗೆ ನೋಡಿ “ರಿಂಗ್ ಹೋಗಿದೆ, ಬೋರ್ ಮಾಡಿಸು” ಅನ್ನುವವರು ಧಾರಾಳ ಸಿಗುತ್ತಾರೆ. ಟೂ-ಸ್ಟ್ರೋಕ್ ಹೊಗೆ ಬಿಡುವುದು ಅದರ ಹುಟ್ಟುಗುಣ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಮೊದಲು ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡು. ಅದು ದಿನದಿನಕ್ಕೆ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹರಿದಿದೆ, ಎಂಜಿನ್ ಗೇರ್ ಆಯಿಲನ್ನು ಹೀರಿ ಸುಡುತ್ತಿದೆ. ಇನ್ನೊಂದು ಕಡೆಯ ಸೀಲ್ ಹೋದರೆ ಹೊಗೆ ಇಲ್ಲ, ಬದಲಿಗೆ ಗಾಳಿ ಹೀರಿ ಎಂಜಿನ್ ವೇಗ ತಾನಾಗಿ ಏರುತ್ತದೆ, ಐಡ್ಲಿಂಗ್ ಕೂರುವುದೇ ಇಲ್ಲ. ಸೀಲಿನ ಬೆಲೆ ಪುಡಿಗಾಸು, ಹಾಕುವ ಕೂಲಿ ಮಾತ್ರ ಜಾಸ್ತಿ. ಬೋರ್ ಮಾಡಿಸುವ ಖರ್ಚಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಆದ್ದರಿಂದ ಗಾಡಿ ನೋಡಲು ಹೋದಾಗ ಅದನ್ನು ಮೊದಲೇ ಬಿಸಿ ಮಾಡಿ ಇಟ್ಟಿರಬೇಡಿ ಎಂದು ಹೇಳಿಯೇ ಹೋಗು. ತಣ್ಣನೆಯ ಎಂಜಿನ್ ಎಷ್ಟನೇ ಕಿಕ್ಕಿಗೆ ಏಳುತ್ತದೆ ಅನ್ನುವುದರಲ್ಲೇ ಅರ್ಧ ಕತೆ ಸಿಗುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಈಥನಾಲ್. ಹಳೆಯ ರಬ್ಬರ್ ಪೈಪ್, ವಾಷರ್‌ಗಳು ಇದಕ್ಕೆಂದು ಮಾಡಿದವಲ್ಲ, ಕೊಂಡ ದಿನವೇ ಬದಲಿಸು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡು.

ಕಾಗದಪತ್ರದ ವಿಷಯದಲ್ಲಿ ಮಾತ್ರ ಬೆಂಚಿನವರನ್ನು ಕೇಳಲೇಬೇಡ. “ಏನೂ ಆಗಲ್ಲ ಭಾವು, ಹಾಗೇ ಓಡಿಸಿ” ಅನ್ನುವುದು ಅಲ್ಲಿನ ಏಕೈಕ ಕಾನೂನು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹಿಡಿದು ಹೋಲಿಸು. ಹಳೆಯ ಗಾಡಿಗಳಲ್ಲಿ ಎಂಜಿನ್ ಕೇಸ್ ಬದಲಾಗಿರುವುದು ಅಪರೂಪವಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗಬೇಕು, ಅದು ಚಾಲ್ತಿಯಲ್ಲಿದೆಯೇ ನೋಡು. ಕರ್ನಾಟಕದಿಂದ ಇಲ್ಲಿಗೆ ತಂದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ನಾಶಿಕ್ ಆರ್‌ಟಿಓದಲ್ಲಿ ಎಂಎಚ್-15 ನಂಬರ್ ತೆಗೆದುಕೊಳ್ಳಲೇಬೇಕು. ಅದಕ್ಕೆ ಕರ್ನಾಟಕದ ಆರ್‌ಟಿಓದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಹೆಸರು ಬದಲಾವಣೆಗೆ 29, 30. ಮಾರುವವನ ಸಹಿ ಇವೆಲ್ಲದಕ್ಕೂ ದುಡ್ಡು ಕೊಡುವ ಮೊದಲೇ ಆಗಲಿ. ದುಡ್ಡು ಎಣಿಸಿಕೊಂಡ ಮೇಲೆ ಜನ ಫೋನ್ ಎತ್ತುವುದು ಕಡಿಮೆ.

ರೈಲಿಗೆ ಹಾಕುವುದಾದರೆ ಕರ್ನಾಟಕ ಎಕ್ಸ್‌ಪ್ರೆಸ್ ಮನಮಾಡ್ ಮೇಲೆ ಹಾದುಹೋಗುತ್ತದೆ, ಬೆಂಗಳೂರಿನ ಪಾರ್ಸೆಲ್ ಆಫೀಸಿನಲ್ಲಿ ವಿಚಾರಿಸು. ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇದ್ದರೂ ಅವರು ತೆಗೆದುಕೊಳ್ಳುವುದಿಲ್ಲ. ಮನಮಾಡ್‌ನಲ್ಲಿ ಇಳಿಸಿಕೊಳ್ಳಲು ಹೋಗುವಾಗ ಕ್ಯಾನಿನಲ್ಲಿ ಆಯಿಲ್ ಬೆರೆಸಿದ ಪೆಟ್ರೋಲ್ ಒಯ್ಯು; ಬರೀ ಪೆಟ್ರೋಲ್ ತುಂಬಿ ಹೊರಟರೆ ಓಝರ್ ಮುಟ್ಟುವ ಮೊದಲೇ ಪಿಸ್ಟನ್ ಹೋದೀತು. ಹೊರಡುವ ಮುನ್ನ ಮೈಸೂರಿನಲ್ಲೇ ಕ್ಲಚ್ ಕೇಬಲ್, ಪಾಯಿಂಟ್ ಸೆಟ್, ಕಂಡೆನ್ಸರ್, ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಕೊಂಡು ಚೀಲಕ್ಕೆ ಹಾಕಿಕೋ. ಇಲ್ಲಿ ಸ್ಪ್ಲೆಂಡರ್‌ನದ್ದಾದರೆ ಕಿರಾಣಿ ಅಂಗಡಿಯಲ್ಲೂ ಸಿಕ್ಕೀತು, ಯೆಜ್ಡಿಯದ್ದಕ್ಕೆ ನೀನು ಮತ್ತೆ ಊರಿಗೇ ಫೋನ್ ಮಾಡಬೇಕು.